15 ನಾಣ್ಯ ಹೆಚ್ಚಿಗೆ ಮಾರಿದರೂ ಗಂಟು ಕರಗಿದ್ದೇಕೆ? ರೂನ್‌ಸ್ಕೇಪ್ ಪೇಟೆಯ ಕುರಿತು ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯ ಸದಸ್ಯರು):
ಮೇಡಂ, ನಮಸ್ಕಾರ. ಆಟಗಳ ಒಳಗಿನ ಹಣದ ವ್ಯವಸ್ಥೆಯನ್ನು ರೂಪಿಸುವುದೇ ನಿಮ್ಮ ಉದ್ಯೋಗವೆಂದೂ ಬಿಡುವಿನಲ್ಲಿ ನೀವೂ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟ ಆಡುತ್ತೀರೆಂದೂ ಗುಂಪಿನಲ್ಲಿ ತಿಳಿಸಿದ್ದರಿಂದ ಕೇಳುತ್ತಿದ್ದೇನೆ. ನಾನು ಈ ಆಟಕ್ಕೆ ಬಂದು ಒಂದು ತಿಂಗಳಾಗಿದೆ. ಸದಸ್ಯತ್ವ ಪಡೆಯದೆ ಉಚಿತವಾಗಿಯೇ ಆಡುತ್ತಿದ್ದೇನೆ. ಹಸುವಿನ ಚರ್ಮ ಮಾರಿ ಕೂಡಿಸಿದ 1,30,000 ನಾಣ್ಯಗಳು ನನ್ನಲ್ಲಿದ್ದವು. ಕೊಂಡು ಮಾರುವುದರಲ್ಲೇ ನಿಜವಾದ ಹಣವಿದೆ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದನ್ನು ನಂಬಿ, ಆಟದೊಳಗಿನ ಪೇಟೆಯಾದ ಗ್ರ್ಯಾಂಡ್ ಎಕ್ಸ್‌ಚೇಂಜಿನಲ್ಲಿ 100 ಸ್ಟೀಲ್ ಪ್ಲೇಟ್‌ಬಾಡಿಗಳನ್ನು (ಉಕ್ಕಿನ ಎದೆಕವಚ) ತಲಾ 1,120ಕ್ಕೆ ಕೊಂಡು, 1,135ಕ್ಕೆ ಮಾರಾಟಕ್ಕಿಟ್ಟೆ. ಅವುಗಳಲ್ಲಿ 60 ಮಾರಾಟವಾಗಿವೆ. ನನ್ನ ಲೆಕ್ಕದಂತೆ 900 ನಾಣ್ಯ ಲಾಭ ಬರಬೇಕಿತ್ತು, ಆದರೆ ಎಣಿಸಿ ನೋಡಿದರೆ 420 ನಾಣ್ಯ ಕಡಿಮೆಯಾಗಿದೆ. ತಪ್ಪಿದ್ದು ಎಲ್ಲಿ? ಉಳಿದ 40ನ್ನು ಏನು ಮಾಡಲಿ?

ಉತ್ತರ:
ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ತೆರಿಗೆ. ಗ್ರ್ಯಾಂಡ್ ಎಕ್ಸ್‌ಚೇಂಜಿನಲ್ಲಿ ಮಾರುವವರ ಹಣದಿಂದ ಶೇಕಡಾ 2ರಷ್ಟನ್ನು ಆಟವೇ ಮುರಿದುಕೊಳ್ಳುತ್ತದೆ. ಕೊಳ್ಳುವವರಿಗೆ ಅದು ಕಾಣುವುದೇ ಇಲ್ಲ. 1,135ಕ್ಕೆ ಶೇಕಡಾ 2 ಎಂದರೆ 22.7, ದಶಾಂಶವನ್ನು ಕೈಬಿಟ್ಟು 22 ನಾಣ್ಯ ಕಳೆಯುತ್ತಾರೆ. ನಿಮ್ಮ ಕೈಗೆ ಬಂದದ್ದು 1,113. ಅಂದರೆ ಪ್ರತಿಯೊಂದಕ್ಕೂ 7 ನಾಣ್ಯ ನಷ್ಟ, 60ಕ್ಕೆ 420. ನೀವು ನೋಡಿದ ವಿಡಿಯೊ ಹಳೆಯದಿರಬೇಕು. 2021ರ ಡಿಸೆಂಬರಿನಲ್ಲಿ ಈ ತೆರಿಗೆ ಬಂದಾಗ ಶೇಕಡಾ 1 ಇತ್ತು. 2025ರ ಮೇ ತಿಂಗಳಲ್ಲಿ ಅದನ್ನು ಶೇಕಡಾ 2ಕ್ಕೆ ಏರಿಸಿದರು. ಹಳೆಯ ದರದಲ್ಲಾಗಿದ್ದರೆ ಇದೇ ವ್ಯಾಪಾರದಲ್ಲಿ ನಿಮಗೆ ತಲಾ 4 ನಾಣ್ಯ ಗಿಟ್ಟುತ್ತಿತ್ತು. 1,120ಕ್ಕೆ ಕೊಂಡ ವಸ್ತು ಈಗ 1,142ಕ್ಕೆ ಹೋದರೆ ಅಸಲು ಹುಟ್ಟುತ್ತದೆ, 1,143ಕ್ಕೆ ಹೋದರೆ ಒಂದು ನಾಣ್ಯ ಲಾಭ. 50ಕ್ಕಿಂತ ಕಡಿಮೆ ಬೆಲೆಯ ವಸ್ತುಗಳಿಗೆ ತೆರಿಗೆ ಇಲ್ಲ, ಆದ್ದರಿಂದ ಹಕ್ಕಿಗರಿಯಂತಹ ಅಗ್ಗದ ಸರಕಿನ ಲೆಕ್ಕ ಬೇರೆ.

ಇದನ್ನು ಅನ್ಯಾಯವೆಂದುಕೊಳ್ಳಬೇಡಿ, ನನ್ನ ಉದ್ಯೋಗದ ದೃಷ್ಟಿಯಿಂದ ನೋಡಿದರೆ ಇದು ಕೆರೆಗೆ ತೂಬು ಇದ್ದಂತೆ. ಆಟಗಾರರು ಕೊಂದ ರಾಕ್ಷಸರಿಂದಲೂ ಮಂತ್ರದಿಂದಲೂ ದಿನವಿಡೀ ಹೊಸ ನಾಣ್ಯಗಳು ಹುಟ್ಟುತ್ತಲೇ ಇರುತ್ತವೆ, ಅವು ಹೊರಹೋಗಲು ದಾರಿಯಿಲ್ಲದಿದ್ದರೆ ನೀವು ಕೂಡಿಸಿದ ಹಣಕ್ಕೆ ಆರು ತಿಂಗಳಲ್ಲಿ ಕಿಮ್ಮತ್ತೇ ಇರುವುದಿಲ್ಲ. ತೆರಿಗೆಯಾಗಿ ಬಂದ ನಾಣ್ಯಗಳಲ್ಲಿ ಒಂದು ಪಾಲಿನಿಂದ ಆಟವೇ ಪೇಟೆಯಲ್ಲಿ ಕೆಲವು ವಸ್ತುಗಳನ್ನು ಕೊಂಡು ಅಳಿಸಿಹಾಕುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನೀವು 1,120 ಮತ್ತು 1,135 ಎಂಬ ಅಂಕಿಗಳನ್ನು ಪರದೆಯ ಮೇಲೆ ತೋರುವ ಮಾರ್ಗದರ್ಶಿ ಬೆಲೆಯ ಅಕ್ಕಪಕ್ಕದಲ್ಲಿ ಅಂದಾಜಿನಿಂದ ಹಿಡಿದಿದ್ದೀರಿ. ಆ ಬೆಲೆ ನಡೆದುಹೋದ ವ್ಯಾಪಾರಗಳ ಸರಾಸರಿಯೇ ಹೊರತು ಈ ಕ್ಷಣದ ಧಾರಣೆಯಲ್ಲ. ಈ ಕ್ಷಣದ ಧಾರಣೆ ತಿಳಿಯಲು ಗ್ರ್ಯಾಂಡ್ ಎಕ್ಸ್‌ಚೇಂಜಿನ ಒಂದು ನಿಯಮ ಗೊತ್ತಿರಬೇಕು: ಇಬ್ಬರ ಬೆಲೆಗಳು ಕೂಡಿದಾಗ, ಮೊದಲು ಆಫರ್ ಇಟ್ಟವರ ಬೆಲೆಗೇ ವ್ಯಾಪಾರ ಮುಗಿಯುತ್ತದೆ. ಆದ್ದರಿಂದ ಒಂದೇ ಒಂದು ವಸ್ತುವಿಗೆ ಬೇಕೆಂದೇ ಅತಿ ಹೆಚ್ಚು ಬೆಲೆ ಹಾಕಿ ಕೊಂಡರೆ, ಮಾರಾಟಕ್ಕಿಟ್ಟವರಲ್ಲಿ ಎಲ್ಲರಿಗಿಂತ ಕಡಿಮೆ ಕೇಳಿದವರ ಬೆಲೆ ನಿಮಗೆ ತಿಳಿಯುತ್ತದೆ, ಮಿಕ್ಕ ಹಣ ಮರಳುತ್ತದೆ. ಹಾಗೆಯೇ ಒಂದನ್ನು ಅತಿ ಕಡಿಮೆಗೆ ಮಾರಲು ಇಟ್ಟರೆ, ಕೊಳ್ಳಲು ಕಾದು ಕುಳಿತವರಲ್ಲಿ ಎಲ್ಲರಿಗಿಂತ ಹೆಚ್ಚು ಕೊಡುವವರ ಬೆಲೆ ಸಿಗುತ್ತದೆ. ಈ ಎರಡರ ನಡುವಿನ ಅಂತರವೇ ಮಾರ್ಜಿನ್.

ಒಂದು ಉದಾಹರಣೆ ನೋಡಿ. ರೂನ್ ಸ್ಕಿಮಿಟರ್ ಎಂಬ ಕತ್ತಿಗೆ 17,000 ಹಾಕಿದಾಗ 15,240ಕ್ಕೆ ಸಿಕ್ಕಿತು, 13,000ಕ್ಕೆ ಮಾರಲಿಟ್ಟಾಗ 14,790ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಅಂತರ 450, ನೋಡಿದರೆ ಆಸೆ ಹುಟ್ಟುತ್ತದೆ. ಇನ್ನೊಬ್ಬರಿಗಿಂತ ಸ್ವಲ್ಪ ಮುಂದೆ ನಿಲ್ಲಲು 14,800ಕ್ಕೆ ಕೊಂಡು 15,230ಕ್ಕೆ ಮಾರಿದರೆ, 304 ನಾಣ್ಯ ತೆರಿಗೆಗೆ ಹೋಗಿ ನಿಮಗೆ ಉಳಿಯುವುದು 126 ಮಾತ್ರ. ಮೇಲಾಗಿ ಬೆಲೆ ಪರೀಕ್ಷಿಸಲು ಕೊಂಡು ಮಾರಿದ ಆ ಒಂದು ಕತ್ತಿಯಲ್ಲೇ, ತೆರಿಗೆಯನ್ನೂ ಸೇರಿಸಿ, 745 ನಾಣ್ಯ ಕಳೆದಿರುತ್ತೀರಿ. ಅದು ಹುಟ್ಟಬೇಕಾದರೆ ಆರು ಕತ್ತಿ ಮಾರಬೇಕು. ನಿಮ್ಮ ಬಳಿ ಈಗ ಉಳಿದಿರುವ 84,780 ನಾಣ್ಯಕ್ಕೆ ಐದೇ ಬರುತ್ತವೆ. ಬಂಡವಾಳ ಚಿಕ್ಕದಿದ್ದಾಗ ದುಬಾರಿ ಸರಕಿನ ತಂಟೆಗೆ ಹೋಗಬಾರದು ಎನ್ನುವುದಕ್ಕೆ ಕಾರಣ ಇಷ್ಟೇ.

ಸ್ಟೀಲ್ ಪ್ಲೇಟ್‌ಬಾಡಿಯ ಬೆಲೆ ಏಕೆ 1,100ರ ಸುತ್ತಲೇ ಗಿರಕಿ ಹೊಡೆಯುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮ್ಯಾಜಿಕ್ ಕೌಶಲದಲ್ಲಿ 55ನೇ ಹಂತಕ್ಕೆ ಬಂದವರು ಹೈ ಆಲ್ಕೆಮಿ ಮಂತ್ರದಿಂದ ಬಹುತೇಕ ಯಾವುದೇ ವಸ್ತುವನ್ನು, ಆಟ ಅದಕ್ಕೆ ಗೊತ್ತುಮಾಡಿದ ಮೂಲಬೆಲೆಯ ಶೇಕಡಾ 60ರಷ್ಟು ನಾಣ್ಯಗಳನ್ನಾಗಿ ಮಾಡಬಲ್ಲರು. ಸ್ಟೀಲ್ ಪ್ಲೇಟ್‌ಬಾಡಿಗೆ ಅದು 1,200, ರೂನ್ ಪ್ಲೇಟ್‌ಬಾಡಿಗೆ 39,000. ಪ್ರತಿ ಸಲಕ್ಕೆ ಒಂದು ನೇಚರ್ ರೂನ್ ಮತ್ತು ಐದು ಫೈರ್ ರೂನ್ ಬೇಕು (ರೂನ್ ಎಂದರೆ ಮಂತ್ರ ಹಾಕಲು ಖರ್ಚಾಗುವ ಕಲ್ಲು). ಬೆಂಕಿಯ ಕೋಲು ಕೈಯಲ್ಲಿದ್ದರೆ ಫೈರ್ ರೂನಿನ ಖರ್ಚಿಲ್ಲ. ಹೀಗಾಗಿ 1,200ರಲ್ಲಿ ನೇಚರ್ ರೂನಿನ ಬೆಲೆ ಕಳೆದು ಉಳಿಯುವ ಮೊತ್ತಕ್ಕಿಂತ ಬೆಲೆ ಇಳಿದ ಕೂಡಲೇ ಮಂತ್ರವಾದಿಗಳು ಬಾಚಿಕೊಳ್ಳುತ್ತಾರೆ. ಈ ಸರಕಿನಲ್ಲಿ ಬೆಲೆ ತೀರಾ ಕುಸಿಯುವುದಿಲ್ಲ, ತೀರಾ ಏರುವುದೂ ಇಲ್ಲ. ಮುಳುಗುವ ಭಯ ಕಡಿಮೆಯಿರುವ ಇಂತಹ ಕಡೆ ಮಾರ್ಜಿನ್ನೂ ತೆಳುವಾಗಿಯೇ ಇರುತ್ತದೆ.

ಪ್ರಶ್ನೆ (ಶಿರಸಿಯ ಸದಸ್ಯರು):
ನಾನು ಇನ್ನೂ ಹೊಸಬ. ವ್ಯಾಪಾರದ ಮಾತು ಆಮೇಲೆ. ಮೊದಲ ಒಂದು ಲಕ್ಷ ನಾಣ್ಯ ಹುಟ್ಟಿಸುವುದು ಹೇಗೆ? ನನ್ನ ಖಾತೆಯಿಂದ ಕೆಲವು ವಸ್ತುಗಳನ್ನು ಮಾರಲು ಬಿಡುತ್ತಿಲ್ಲ.

ಉತ್ತರ:
ಮಾರಲು ಬಿಡದಿರುವುದು ದೋಷವಲ್ಲ. ಯಂತ್ರಗಳಿಂದ ನಡೆಸುವ ಖಾತೆಗಳನ್ನು ತಡೆಯುವ ಸಲುವಾಗಿ, ಉಚಿತವಾಗಿ ಆಡುವ ಹೊಸ ಖಾತೆಗಳಿಗೆ 20 ಗಂಟೆ ಆಟ, 10 ಕ್ವೆಸ್ಟ್ ಅಂಕ (ಆಟದ ಕಥೆಯ ಕೆಲಸ ಮುಗಿಸಿದಾಗ ಸಿಗುವುದು) ಮತ್ತು ಎಲ್ಲ ಕೌಶಲಗಳೂ ಸೇರಿ ಒಟ್ಟು 100 ಹಂತ ಮುಗಿಯುವವರೆಗೆ ಇನ್ನೊಬ್ಬರೊಡನೆ ನೇರವಾಗಿ ಕೈಬದಲು ಮಾಡಿಕೊಳ್ಳಲೂ ಕೆಲವು ಕಚ್ಚಾ ಸರಕುಗಳನ್ನು ಮಾರಲೂ ನಿರ್ಬಂಧವಿದೆ. ಗಾಬ್ಲಿನ್ ಡಿಪ್ಲೊಮಸಿಗೆ 5, ಅರ್ನೆಸ್ಟ್ ದ ಚಿಕನ್‌ಗೆ 4, ಕುಕ್ಸ್ ಅಸಿಸ್ಟೆಂಟ್‌ಗೆ 1 ಅಂಕ. ಈ ಮೂರು ಕ್ವೆಸ್ಟ್‌ಗಳಲ್ಲೇ ಹತ್ತು ಅಂಕ ಭರ್ತಿಯಾಗುತ್ತವೆ.

ಸಂಪಾದನೆಗೆ ಲಂಬ್ರಿಡ್ಜಿನ ಹಸುಗಳ ಹಿಂಡು ಇಂದಿಗೂ ಒಳ್ಳೆಯ ಜಾಗವೇ. ಹಸು ಕೊಂದು ಚರ್ಮ ಆಯ್ದುಕೊಳ್ಳಿ. ನಿಮ್ಮ ಚೀಲದಲ್ಲಿ 28 ಮನೆಗಳಿವೆ, ಚರ್ಮ ಹದ ಮಾಡಿಸುವ ಕೂಲಿಗೆ ನಾಣ್ಯವಿಡಲು ಒಂದು ಮನೆ ಹೋದರೆ ಒಂದು ಸುತ್ತಿಗೆ 27 ಚರ್ಮ. ಅಲ್ ಖರೀದಿನ ಎಲ್ಲಿಸ್ ಎಂಬ ಚರ್ಮಕಾರನು ಒಂದು ನಾಣ್ಯಕ್ಕೆ ಮೆತ್ತನೆಯ ಚರ್ಮವನ್ನೂ ಮೂರು ನಾಣ್ಯಕ್ಕೆ ಗಟ್ಟಿ ಚರ್ಮವನ್ನೂ ಹದ ಮಾಡಿ ಕೊಡುತ್ತಾನೆ. ಹಸಿ ಚರ್ಮಕ್ಕೂ ಹದ ಮಾಡಿದ ಚರ್ಮಕ್ಕೂ ಇರುವ ಬೆಲೆಯ ವ್ಯತ್ಯಾಸವನ್ನು ಹೊರಡುವ ಮುನ್ನ ಗ್ರ್ಯಾಂಡ್ ಎಕ್ಸ್‌ಚೇಂಜಿನಲ್ಲಿ ನೋಡಿಕೊಳ್ಳಿ. ಆ ವ್ಯತ್ಯಾಸವು ನಡಿಗೆಯ ಬೇಸರಕ್ಕೆ ಜನ ಕೊಡುವ ಕೂಲಿ. ಈ ಆಟದಲ್ಲಿ ಹೊಸಬರ ಸಂಪಾದನೆಯೆಲ್ಲ ಹಳಬರಿಗೆ ಬೇಸರವಾದ ಕೆಲಸದಿಂದಲೇ ಬರುತ್ತದೆ. ಅಡಿಕೆಯನ್ನು ಹಸಿಯಾಗಿ ಕೊಡುವುದೋ ಸುಲಿದು ಬೇಯಿಸಿ ಒಣಗಿಸಿ ಕೊಡುವುದೋ ಎಂಬ ಲೆಕ್ಕವನ್ನು ನಿಮ್ಮ ಊರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ (ದುಬೈಯಲ್ಲಿರುವ ಸದಸ್ಯರು):
ವಾಟ್ಸ್ಆ್ಯಪ್‌ನಲ್ಲಿ ಒಬ್ಬರು ಮಾರುಕಟ್ಟೆಗಿಂತ ಅಗ್ಗವಾಗಿ ನಾಣ್ಯ ಕೊಡುತ್ತೇನೆ, ಯುಪಿಐನಲ್ಲಿ ಹಣ ಹಾಕಿ ಎನ್ನುತ್ತಿದ್ದಾರೆ. ಊರಿನಲ್ಲಿರುವ ತಮ್ಮನಿಗಾಗಿ ಕೊಳ್ಳಬಹುದೇ?

ಉತ್ತರ:
ಬೇಡ. ನಿಜವಾದ ಹಣಕ್ಕೆ ಆಟಗಾರರ ನಡುವೆ ನಾಣ್ಯ ಮಾರುವುದು ನಿಯಮಕ್ಕೆ ವಿರುದ್ಧ, ಕೊಂಡವರ ಖಾತೆಯೂ ಶಾಶ್ವತವಾಗಿ ಮುಚ್ಚಬಹುದು. ನೀವು ಮೊದಲು ಹಣ ಹಾಕಿದ ಮೇಲೆ ಆ ವ್ಯಕ್ತಿ ನಾಪತ್ತೆಯಾದರೆ ಯಾರಿಗೆ ದೂರು ಕೊಡುತ್ತೀರಿ? ಈ ಪಿಡುಗು ಎಷ್ಟು ದೊಡ್ಡದಾಗಿತ್ತೆಂದರೆ, ಕೇಂಬ್ರಿಜಿನ ಜಾಗೆಕ್ಸ್ ಸಂಸ್ಥೆ 2008ರ ಜನವರಿಯಲ್ಲಿ ಮೂಲ ರೂನ್‌ಸ್ಕೇಪಿನಲ್ಲಿ ಎರಡು ಕಡೆಯ ಮೌಲ್ಯ ಸಮವಿಲ್ಲದ ಕೈಬದಲನ್ನೇ ನಿರ್ಬಂಧಿಸಿತು. ಗೆಳೆಯನಿಗೆ ಉಡುಗೊರೆ ಕೊಡುವುದೂ ಕಷ್ಟವಾಯಿತು. ಆಟಗಾರರ ಮತದಾನದ ನಂತರ 2011ರ ಫೆಬ್ರವರಿಯಲ್ಲಷ್ಟೇ ಮುಕ್ತ ವ್ಯಾಪಾರ ಮರಳಿತು. ಇದರಾಚೆಗೆ ಮರುಗುವಂಥ ಇನ್ನೊಂದು ಮುಖವೂ ಇದೆ: 2017ರ ಸುಮಾರಿಗೆ ವೆನೆಜುವೆಲಾದ ಹಣ ಬೆಲೆ ಕಳೆದುಕೊಂಡಾಗ, ಅಲ್ಲಿನ ಅನೇಕರು ಇದೇ ಆಟದ ಹಸಿರು ಡ್ರ್ಯಾಗನ್‌ಗಳನ್ನು ಕೊಂದು ನಾಣ್ಯ ಮಾರಿ ಮನೆಗೆ ಊಟ ತಂದರು. ಅವರನ್ನು ನಾನು ಹಳಿಯಲಾರೆ, ಆದರೆ ನಿಮ್ಮ ತಮ್ಮನ ಖಾತೆಯ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಕೊಡಲೇಬೇಕೆಂದಿದ್ದರೆ ನಿಯಮಬದ್ಧವಾದ ದಾರಿಯಿದೆ. ಸದಸ್ಯತ್ವಕ್ಕೆ ಬದಲಾಯಿಸಿಕೊಳ್ಳಬಹುದಾದ ಬಾಂಡ್ ಎಂಬ ವಸ್ತುವನ್ನು ಸಂಸ್ಥೆಯಿಂದಲೇ ಕೊಂಡು ನಿಮ್ಮ ತಮ್ಮ ಗ್ರ್ಯಾಂಡ್ ಎಕ್ಸ್‌ಚೇಂಜಿನಲ್ಲಿ ಮಾರಬಹುದು. ಬಾಂಡಿಗೆ ಆ ಶೇಕಡಾ 2ರ ತೆರಿಗೆ ಇಲ್ಲ. ಅಥವಾ ಮಾರದೆ ಬಳಸಿದರೆ 14 ದಿನಗಳ ಸದಸ್ಯತ್ವ ಸಿಗುತ್ತದೆ, ಆಗ ಮೂರು ಸ್ಲಾಟಿನ (ಒಂದು ಆಫರ್ ಇಡುವ ಜಾಗ) ಬದಲು ಎಂಟು ಸ್ಲಾಟಿನಲ್ಲಿ ವ್ಯಾಪಾರ ಮಾಡಬಹುದು. ನನ್ನನ್ನು ಕೇಳಿದರೆ ಎರಡನೆಯದೇ ಲೇಸು.

ಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರು):
ಆಟದ ವ್ಯಾರಕ್ ಊರಿನಲ್ಲಿ ಒಬ್ಬ, ಕೊಟ್ಟ ಹಣ ದುಪ್ಪಟ್ಟು ಮಾಡುತ್ತೇನೆ ಎನ್ನುತ್ತಾನೆ. ಮೊದಲ ಸಲ ನಿಜವಾಗಿಯೂ ಮಾಡಿಕೊಟ್ಟ.

ಉತ್ತರ:
ಗಾಳಕ್ಕೆ ಎರೆಹುಳು ಸಿಕ್ಕಿಸದೆ ಮೀನು ಬರುವುದಿಲ್ಲ. ಎರಡನೆಯ ಸಲ ಕೊಡಬೇಡಿ. ಬೇರೆ ಯಾರೊಡನೆ ಕೈಬದಲು ಮಾಡುವಾಗಲೂ ಖಚಿತಪಡಿಸುವ ಎರಡನೆಯ ಕಿಟಕಿಯಲ್ಲಿ ಸೊನ್ನೆಗಳನ್ನು ಒಂದೊಂದಾಗಿ ಎಣಿಸಿ. ಮೊದಲ ಕಿಟಕಿಯಲ್ಲಿ 10,00,000 ಇದ್ದದ್ದು ಮಾತಿನ ಭರದಲ್ಲಿ 1,00,000 ಆಗಿರುತ್ತದೆ. ಬ್ಯಾಂಕಿಗೆ ಪಿನ್ ಇಟ್ಟಿಲ್ಲದಿದ್ದರೆ ಇಂದೇ ಇಡಿ.

ಪ್ರಶ್ನೆ (ದಾವಣಗೆರೆಯ ಸದಸ್ಯರು, ಮತ್ತೆ):
ಮೇಡಂ, ನೀವು ಹೇಳಿದಂತೆ ಪರೀಕ್ಷಿಸಿದೆ. ಒಂದು ಪ್ಲೇಟ್‌ಬಾಡಿ 1,138ಕ್ಕೆ ಸಿಕ್ಕಿತು, ಒಂದು 1,109ಕ್ಕೆ ಹೋಯಿತು. ನನ್ನ ಬಳಿ ಈಗಲೂ 40 ಇವೆ. 1,143 ಆಗುವವರೆಗೆ ಕಾಯಲೇ, ಅಥವಾ ಮಂತ್ರದಿಂದ ಕರಗಿಸಲೇ? ನನ್ನ ಮ್ಯಾಜಿಕ್ 38ನೇ ಹಂತದಲ್ಲಿದೆ.

ಉತ್ತರ:
ಕಾಯಬೇಡಿ. ನಿಮಗಿರುವುದು ಮೂರೇ ಸ್ಲಾಟ್, ಅದರಲ್ಲಿ ಒಂದನ್ನು ಆರು ನಾಣ್ಯದ ಹಟಕ್ಕೆ ಅಡವಿಡುವುದು ಸರಿಯಲ್ಲ. ಈಗಿನ ಆಫರ್ ಇನ್ನೂ ನಿಂತಿದ್ದರೆ ಅದನ್ನು ಹಿಂಪಡೆದು 1,137ಕ್ಕೆ ಇಡಿ; ತೆರಿಗೆ ಕಳೆದು ತಲಾ 1,115 ಬರುತ್ತದೆ. 55ನೇ ಹಂತ ನಿಮಗೆ ದೂರವಿದೆ, ಇದ್ದಿದ್ದರೂ ನೇಚರ್ ರೂನ್ 90 ನಾಣ್ಯವಾದರೆ ಮಂತ್ರದಿಂದ 1,110 ಮಾತ್ರ ಉಳಿಯುತ್ತಿತ್ತು. 1,137ಕ್ಕೆ ಮಾರಿದರೆ 40ಕ್ಕೆ 200 ನಾಣ್ಯ ನಷ್ಟವಾಗುತ್ತದೆ, 44,600 ಕೈಗೆ ಬರುತ್ತದೆ. ಆ ಹಣವನ್ನು ಒಂದೇ ಸರಕಿಗೆ ಸುರಿಯದೆ, 50 ನಾಣ್ಯದ ಒಳಗಿನ ಎರಡು ಮೂರು ವಸ್ತುಗಳಲ್ಲಿ ಹಂಚಿ ಇದೇ ಪರೀಕ್ಷೆಯನ್ನು ಮಾಡಿ ನೋಡಿ, ಬಂದ ಅಂಕಿಗಳನ್ನು ಇಲ್ಲಿ ಹಾಕಿ.