ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರ: ಜೀಟೆಕ್ ಕಟ್ಟಿದ್ದೋ, ಶುಲ್ಟ್ಸ್ ಕಟ್ಟಿದ್ದೋ?

ಪ್ರಶ್ನೆ:
ವಲ್ಟಾವಾ ನದಿಯ ದಡದಲ್ಲಿರುವ ಜೆಕ್ ರಾಷ್ಟ್ರೀಯ ರಂಗಮಂದಿರದ ವಾಸ್ತುಶಿಲ್ಪಿ ಯೋಸೆಫ್ ಜೀಟೆಕ್ ಎಂದು ಒಂದೆಡೆಯೂ ಯೋಸೆಫ್ ಶುಲ್ಟ್ಸ್ ಎಂದು ಇನ್ನೊಂದೆಡೆಯೂ ಓದಿದೆ. ಉದ್ಘಾಟನೆಯ ವರ್ಷವೂ 1881 ಮತ್ತು 1883 ಎಂದು ಎರಡು ಬಗೆಯಾಗಿ ಕಾಣುತ್ತದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ತಾವು ಓದಿದ್ದೆಲ್ಲವೂ ಸರಿಯೇ. 1868ರ ಮೇ 16ರಂದು ಶಂಕುಸ್ಥಾಪನೆಯಾದ ಈ ನವ-ರಿನೈಸಾನ್ಸ್ ಶೈಲಿಯ (ಯುರೋಪಿನ ಪುನರುಜ್ಜೀವನ ಕಾಲದ ವಾಸ್ತುವನ್ನು ಅನುಸರಿಸುವ) ಕಟ್ಟಡ ಜೀಟೆಕ್ ಅವರ ಕಲ್ಪನೆ. ಆಗ ಪ್ರಾಗ್ ಅನ್ನು ಆಳುತ್ತಿದ್ದ ಆಸ್ಟ್ರಿಯಾದ ಯುವರಾಜ ರುಡಾಲ್ಫ್ ಅವರ ಭೇಟಿಯ ಸಲುವಾಗಿ, ಕೆಲಸ ಪೂರ್ತಿ ಮುಗಿಯುವ ಮೊದಲೇ, 1881ರ ಜೂನ್ 11ರಂದು ಜೆಕ್ ಸಂಗೀತಸಂಯೋಜಕ ಸ್ಮೆಟಾನಾ ಅವರ ‘ಲಿಬುಶೆ’ ಗೀತನಾಟಕದೊಂದಿಗೆ ಅದನ್ನು ತೆರೆಯಲಾಯಿತು. ಎರಡು ತಿಂಗಳು ತುಂಬಿದೊಡನೆ, ಆಗಸ್ಟ್ 12ರಂದು, ಛಾವಣಿಯಲ್ಲಿ ಕೆಲಸ ನಡೆಯುತ್ತಿದ್ದಾಗ ಹೊತ್ತಿದ ಬೆಂಕಿಗೆ ತಾಮ್ರದ ಗುಮ್ಮಟ, ಪ್ರೇಕ್ಷಾಂಗಣ, ರಂಗವೇದಿಕೆ ಆಹುತಿಯಾದವು. ಹೊರಗೋಡೆಗಳು ಬಹುಪಾಲು ಉಳಿದುಕೊಂಡವು. ಮರುನಿರ್ಮಾಣವನ್ನು ಜೀಟೆಕ್ ಅವರ ಒಡನಾಡಿಯಾಗಿದ್ದ ಶುಲ್ಟ್ಸ್ ವಹಿಸಿಕೊಂಡರು. 1883ರ ನವೆಂಬರ್ 18ರಂದು ಅದೇ ‘ಲಿಬುಶೆ’ಯೊಂದಿಗೆ ರಂಗಮಂದಿರ ಮತ್ತೆ ತೆರೆಯಿತು.

ಉತ್ತರ 2:
ಮೇಲಿನ ವಿವರಣೆಗೆ ಹಣದ ಸಂಗತಿಯನ್ನು ಸೇರಿಸಲೇಬೇಕೆನಿಸುತ್ತದೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಈ ಕಟ್ಟಡದ ನಿಜವಾದ ಬುನಾದಿ ಅದೇ. ಬೆಂಕಿಯ ಬಳಿಕ ಕೇವಲ 47 ದಿನಗಳಲ್ಲಿ ಹತ್ತು ಲಕ್ಷ ಗುಲ್ಡನ್ (ಅಂದಿನ ಆಸ್ಟ್ರಿಯಾದ ನಾಣ್ಯ) ವಂತಿಗೆ ಕೂಡಿತು. ಚಕ್ರವರ್ತಿಯ ಕುಟುಂಬದ ಕೊಡುಗೆಯೂ ಇದಕ್ಕೆ ಸಂದಿತ್ತಾದ್ದರಿಂದ ಎಲ್ಲವೂ ಬಡವರ ಪುಡಿಗಾಸು ಎಂಬುದು ಅತಿಶಯೋಕ್ತಿ. ಆದರೂ ಜರ್ಮನ್ ಭಾಷೆಗೇ ಮನ್ನಣೆಯಿದ್ದ ಊರಿನಲ್ಲಿ ತಮ್ಮ ನುಡಿಗೊಂದು ರಂಗವೇದಿಕೆ ಬೇಕೆಂದು ಸಾಮಾನ್ಯ ಜನರು ಕೈಲಾದಷ್ಟು ಕೊಟ್ಟದ್ದು ಸುಳ್ಳಲ್ಲ. ವೇದಿಕೆಯ ನೆತ್ತಿಯ ಮೇಲೆ ‘ನಾರೊದ್ ಸೊಬೆ’, ಅಂದರೆ ‘ನಾಡು ತನಗೆ ತಾನೇ ಕೊಟ್ಟದ್ದು’ ಎಂದು ಬರೆದಿರುವುದೂ, ಹಿನಾಯಿಸ್ ಎಂಬ ಕಲಾವಿದರು ಮುಂಪರದೆಯ ಮೇಲೆ ಈ ನಿಧಿಸಂಗ್ರಹವನ್ನೇ ಚಿತ್ರಿಸಿರುವುದೂ ಅದಕ್ಕಾಗಿಯೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಶುಲ್ಟ್ಸ್ ಅವರು ಸುಟ್ಟದ್ದನ್ನು ಇದ್ದಂತೆಯೇ ಮತ್ತೆ ಕಟ್ಟಿದರೇ?

ಉತ್ತರ 1:
ಇಲ್ಲ. ಜೀಟೆಕ್ ಅವರ ಶೈಲಿಯನ್ನು ಕೆಡಿಸದೆ ಕಟ್ಟಡವನ್ನು ಹಿಂದಕ್ಕೆ ವಿಸ್ತರಿಸಿದರು. 1862ರಲ್ಲಿ ತೆರೆದಿದ್ದ ‘ತಾತ್ಕಾಲಿಕ ರಂಗಮಂದಿರ’ ಪಕ್ಕದಲ್ಲೇ ಇತ್ತು. ಅದನ್ನೂ ನೆರೆಯ ವಸತಿಗೃಹವೊಂದರ ಜಾಗವನ್ನೂ ಒಳಗೆ ಸೇರಿಸಿಕೊಂಡರು. ಪ್ರೇಕ್ಷಾಂಗಣದ ವಿನ್ಯಾಸವನ್ನು ತಿದ್ದಿ, ವೇದಿಕೆ ಹೆಚ್ಚು ಚೆನ್ನಾಗಿ ಕಾಣುವಂತೆ ಮಾಡಿದರು. ಮರುತೆರೆದಾಗ ವಿದ್ಯುದ್ದೀಪಗಳೂ ಬಂದಿದ್ದವು. ಪಕ್ಕದಲ್ಲಿರುವ, ಗಾಜಿನ ಹೊದಿಕೆಯ ‘ಹೊಸ ರಂಗ’ ಮಾತ್ರ ಇವರಿಬ್ಬರದೂ ಅಲ್ಲ. 1977ರಿಂದ 1983ರವರೆಗಿನ ದೊಡ್ಡ ದುರಸ್ತಿಯ ಕೊನೆಗೆ ಕರೆಲ್ ಪ್ರಾಗರ್ ಅವರ ವಿನ್ಯಾಸದಂತೆ ಅದು ಎದ್ದು ನಿಂತಿತು.