ಹಾಲಂಡ್ ಕೊಟ್ಟು ಪಾಮರ್ ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಕಾಜೂಬಾಗ್ ಹುಡುಗ: ನಮ್ಮದು 8 ಜನರ ಪ್ರೀಮಿಯರ್ ಲೀಗ್ ಫ್ಯಾಂಟಸಿ ಡ್ರಾಫ್ಟ್ (ಇಂಗ್ಲೆಂಡ್ ಫುಟ್‌ಬಾಲ್ ಲೀಗಿನ ಆಟಗಾರರನ್ನು ನಮ್ಮೊಳಗೇ ಹಂಚಿಕೊಂಡು, ಅವರ ನಿಜವಾದ ಆಟಕ್ಕೆ ಪಾಯಿಂಟ್ ಎಣಿಸುವ ಆಟ), ಎಲ್ಲರೂ ಕಾರವಾರದವರೇ. ನನ್ನ ಹತ್ತಿರ ಸ್ಟ್ರೈಕರ್ ಹಾಲಂಡ್ ಇದ್ದಾನೆ. ಹಾಲಂಡ್ ಮತ್ತು ಬೆಂಚಲ್ಲಿರೋ ಒಬ್ಬ ಮಿಡ್‌ಫೀಲ್ಡರ್ ಕೊಟ್ಟರೆ ಮಿಡ್‌ಫೀಲ್ಡರ್ ಪಾಮರ್, ಸ್ಟ್ರೈಕರ್ ವಾಟ್ಕಿನ್ಸ್ ಇಬ್ಬರನ್ನೂ ಕೊಡ್ತೇನೆ ಅಂತ ಗೆಳೆಯ ಕೇಳ್ತಿದ್ದಾನೆ. ನಾಳೆಯೊಳಗೆ ಹೇಳಬೇಕು.

ಬೈತಖೋಲ್ ಬೋಟ್: ಕೊಡು ತಮ್ಮಾ, ಹೆದರಬೇಡ. 2024ರ ಸೆಪ್ಟೆಂಬರ್ ಕೊನೆಯಲ್ಲಿ ನಾನು ಹಾಲಂಡ್ ಕೊಟ್ಟೆ. ಆಗ ಅವನು 5 ಮ್ಯಾಚಲ್ಲಿ 10 ಗೋಲ್ ಹೊಡೆದಿದ್ದ. ತಲೆ ಕೆಟ್ಟಿದೆ ಅಂದರು. ನಾನು ಕೇಳಿದ್ದು ಲಿವರ್‌ಪೂಲ್‌ನ ಸಲಾ, ಜೊತೆಗೆ ಆಗ ನ್ಯೂಕಾಸಲ್‌ನಲ್ಲಿದ್ದ ಇಸಾಕ್. ಇಸಾಕ್‌ಗೆ ಆಗಷ್ಟೇ ಕಾಲ್ಬೆರಳು ಮುರಿದಿತ್ತು. ಮುರಿದ ಬೆರಳಿನವನನ್ನು ಯಾಕೆ ಹೊರ್ತೀಯ ಅಂತ ಗ್ರೂಪಲ್ಲಿ ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಏನಾಯ್ತು? ಸಲಾ 29 ಗೋಲ್, 18 ಅಸಿಸ್ಟ್, 344 ಪಾಯಿಂಟ್. ಇಸಾಕ್ ಸತತ 8 ಲೀಗ್ ಮ್ಯಾಚಲ್ಲಿ ಗೋಲ್ ಹೊಡೆದು 23ಕ್ಕೆ ಮುಗಿಸಿದ. ಹಾಲಂಡ್ 22. ಬೋಟ್ ಹತ್ತಿದರೆ ನನಗೆ ಸಿಗ್ನಲ್ ಇಲ್ಲ, ಗುರುವಾರವೇ ಹನ್ನೊಂದು ಜನರನ್ನು ಕೂರಿಸಿ ಹೋಗ್ತಿದ್ದೆ. ಆದರೂ ಗೆದ್ದೆ.

ಶಿರಸಿ ತೋಟದವ: ಸಿಗ್ನಲ್ ವಿಷಯ ನನ್ನನ್ನು ಕೇಳಿ. 2024 ಸೆಪ್ಟೆಂಬರ್ 28, ಶನಿವಾರ. ಟೀಮ್ ಬದಲಿಸುವ ಡೆಡ್‌ಲೈನ್ ನಮ್ಮ ಮಧ್ಯಾಹ್ನ ಮೂರೂವರೆಗೆ. ಕುಮಟಾದಲ್ಲಿ ಬಸ್ ಹತ್ತುವಾಗಲೇ ಪಾಮರನನ್ನು ಕ್ಯಾಪ್ಟನ್ ಮಾಡೋಣ ಅಂದುಕೊಂಡೆ, ಕ್ಯಾಪ್ಟನ್‌ಗೆ ಪಾಯಿಂಟ್ ಡಬಲ್ ಅಲ್ವಾ. ಸೀಟ್ ಸಿಕ್ಕ ಮೇಲೆ ಮಾಡಿದರಾಯ್ತು ಅಂತ ಬಿಟ್ಟೆ. ದೇವಿಮನೆ ಘಟ್ಟದಲ್ಲಿ ಮೊಬೈಲ್ ತೆಗೆದರೆ ಒಂದು ಕಡ್ಡಿಯೂ ಇಲ್ಲ. ಆ ಬಿಳಿ ಚಕ್ರ ತಿರುಗಿದ್ದೇ ತಿರುಗಿದ್ದು. ಘಟ್ಟ ಹತ್ತಿ ಮುಗಿಯುವಾಗ 3:34. ಸಂಜೆ ಪಾಮರ್ ಬ್ರೈಟನ್ ಮೇಲೆ ಮೊದಲ ಅರ್ಧದಲ್ಲೇ 4 ಗೋಲ್ ಹೊಡೆದ. 50 ಪಾಯಿಂಟ್ ಆಗಬೇಕಿದ್ದದ್ದು 25ಕ್ಕೇ ನಿಂತಿತು. ನನ್ನ ಕ್ಯಾಪ್ಟನ್ ಹಾಲಂಡ್ ಒಂದೂ ಹೊಡೆಯಲಿಲ್ಲ. ಮುಂದಿನ ವಾರ ಸಿಟ್ಟಲ್ಲಿ ಎರಡು ಹೆಚ್ಚುವರಿ ಟ್ರಾನ್ಸ್‌ಫರ್ (ಆಟಗಾರರ ಬದಲಾವಣೆ) ಮಾಡಿ ಮೈನಸ್ 8 ಪಾಯಿಂಟ್ ತಿಂದೆ. ಆಮೇಲೆ ಪಾಮರನನ್ನೇ ಮಾರಿದೆ. ಆಟದ ದುಡ್ಡಲ್ಲಿ 10.5 ಮಿಲಿಯನ್‌ಗೆ ಕೊಂಡವನ ಬೆಲೆ 11.1 ಆಗಿತ್ತು, ಕೈಗೆ ಬಂದದ್ದು 10.8. ಲಾಭದಲ್ಲಿ ಅರ್ಧ ಆಟ ನಡೆಸುವವರೇ ಇಟ್ಟುಕೊಳ್ತಾರಲ್ಲ! ಮತ್ತೆ ಕೊಳ್ಳಲು ದುಡ್ಡು ಸಾಲಲಿಲ್ಲ.

ಕೋಡಿಬಾಗ್ ಸ್ಟಾಪರ್: ತೋಟದವರೇ, ನಿಮ್ಮದು ಬಜೆಟ್‌ನಲ್ಲಿ ಆಟಗಾರರನ್ನು ಕೊಳ್ಳುವ ಮಾಮೂಲಿ ಫ್ಯಾಂಟಸಿ, ಅವನು ಕೇಳಿದ್ದು ಡ್ರಾಫ್ಟ್ ಬಗ್ಗೆ. ಡ್ರಾಫ್ಟಲ್ಲಿ ಕ್ಯಾಪ್ಟನ್ನೂ ಇಲ್ಲ, ಬೆಲೆಯೂ ಇಲ್ಲ. ಸುಮ್ನೆ ಯಾಕೆ ಗೊಂದಲ ಮಾಡ್ತೀರಿ? ಇನ್ನು ಬೈತಖೋಲ್‌ನವರು ಒಂದು ಮಾತು ನುಂಗಿದ್ದಾರೆ. ಸಲಾ, ಇಸಾಕ್ ಇಬ್ಬರನ್ನೂ ಕೊಟ್ಟದ್ದು ಯಾರು? ಅವರ ಭಾವ. ಟ್ರೇಡ್ ಒಪ್ಪಿದ ಅಡ್ಮಿನ್ ಯಾರು? ಅದೇ ಭಾವ! ಆ ವರ್ಷ ಅದೇ ಲೀಗಲ್ಲಿ 2ನೇ ಸ್ಥಾನ ನನ್ನದು. ವಾರವಾರ ವೇವರ್ ಲಿಸ್ಟ್ (ಯಾರ ಟೀಮಲ್ಲೂ ಇಲ್ಲದವರಲ್ಲಿ ನನಗೆ ಬೇಕಾದವರ ಪಟ್ಟಿ) ಬರೆದು, ರಾತ್ರಿ ಒಂದೂವರೆಗೆ ಎದ್ದು ಮ್ಯಾಚ್ ನೋಡಿ ಕಟ್ಟಿದ ಟೀಮು. ಒಂದು ಊಟದ ಮೇಜಿನ ಮಾತಿಗೆ ಹೋಯ್ತು.

ಬೈತಖೋಲ್ ಬೋಟ್: ನೀನಾ ಅದು! ಬೆರಳು ಮುರಿದ ಇಸಾಕ್ ವೇವರಿಗೆ ಬಂದಿದ್ದರೆ ನೀನು ಮುಟ್ಟುತ್ತಿದ್ದೆಯಾ? ನಕ್ಕವರಲ್ಲಿ ನೀನೇ ಮೊದಲಿಗ. ಆವತ್ತಿನ ಮೆಸೇಜ್ ಈಗಲೂ ನನ್ನ ಹತ್ತಿರ ಇದೆ.

ಅಂಕೋಲಾ ಅಕ್ಕ: ಜಗಳ ಆಮೇಲೆ ಮಾಡಿ. ತಮ್ಮಾ, ನಾನು ಇದನ್ನೇ ಉಲ್ಟಾ ಮಾಡಿದವಳು. 2023ರ ನವೆಂಬರಲ್ಲಿ ಪಾಮರ್ ಕೊಟ್ಟು ಹಾಲಂಡ್ ತಂದೆ. ಡಿಸೆಂಬರ್ ಶುರುವಲ್ಲೇ ಹಾಲಂಡ್ ಕಾಲು ನೋವು, ಜನವರಿ ಕೊನೆವರೆಗೆ ಇಲ್ಲ. ಅದನ್ನೂ ಸಹಿಸಿದೆ. 2024ರ ಏಪ್ರಿಲ್ 15ರ ಚೆಲ್ಸಿ-ಎವರ್ಟನ್ ಮ್ಯಾಚ್ ಮರೆಯಲು ಆಗ್ತಿಲ್ಲ. ಇಲ್ಲಿ ರಾತ್ರಿ ಹನ್ನೆರಡೂವರೆ. ಮನೆಯವರೆಲ್ಲ ಮಲಗಿದ್ದರು, ಕಿವಿಗೆ ಇಯರ್‌ಫೋನ್ ಹಾಕಿ ಅಡುಗೆ ಮನೆ ಮೆಟ್ಟಿಲ ಮೇಲೆ ಕೂತಿದ್ದೆ. ಚೆಲ್ಸಿಯ ಪಾಮರ್ ಆಗಲೇ 3 ಹೊಡೆದಿದ್ದ. ಪೆನಾಲ್ಟಿ ಸಿಕ್ಕಿತು. ಅವನದೇ ಟೀಮಿನ ಮಡುಯೆಕೆ, ಜಾಕ್ಸನ್ ಇಬ್ಬರೂ ನನಗೆ ಬೇಕು ಅಂತ ಚೆಂಡಿಗೆ ಕಿತ್ತಾಡಿದರು. ಇವರಲ್ಲಿ ಒಬ್ಬ ಹೊಡೆಯಲಿ ದೇವರೇ ಅಂತ ಬೇಡಿಕೊಂಡೆ. ಅದೇ ಟೀಮಿನ ಗ್ಯಾಲಗರ್ ಬಂದು ಚೆಂಡನ್ನು ಪಾಮರ್ ಕೈಗೇ ಕೊಟ್ಟ. 4 ಗೋಲ್! ಮ್ಯಾಚ್ 6-0. ಡ್ರಾಫ್ಟಲ್ಲಿ ಆ ವಾರ ನನ್ನ ಎದುರು ಇದ್ದ ಟೀಮಲ್ಲಿ ಪಾಮರ್ ಇದ್ದ. ಆ ವಾರ ನಾನು ಸೋತೆ, ಅಲ್ಲಿಂದ ಮೇಲೆ ಬರಲೇ ಇಲ್ಲ. ಪೆನಾಲ್ಟಿ ಹೊಡೆಯುವವನನ್ನು ಯಾರಾದರೂ ಬಿಡ್ತಾರಾ?

ಶಿರಸಿ ತೋಟದವ: ಹಾಲಂಡ್ ಕೂಡ ಪೆನಾಲ್ಟಿ ಹೊಡೀತಾನಲ್ಲ ಅಕ್ಕಾ. ಮತ್ತೆ ಕೋಡಿಬಾಗದವರೇ, ನಾನು ಆರು ವರ್ಷದಿಂದ ಆಡ್ತಿದ್ದೇನೆ. ಡ್ರಾಫ್ಟ್ ಏನು ಅಂತ ಗೊತ್ತಿದೆ. ಡೆಡ್‌ಲೈನ್ ಎರಡಕ್ಕೂ ಒಂದೇ.

ಕೋಡಿಬಾಗ್ ಸ್ಟಾಪರ್: ಗೊತ್ತಿದ್ದವರು 10.8ರ ಕಥೆ ಹೇಳ್ತಿರಲಿಲ್ಲ. ಬೈತಖೋಲ್‌ನವರೇ, ಆ ಮೆಸೇಜ್ ಹಾಕಿ. ಜೊತೆಗೆ ನಿಮ್ಮ ಭಾವ ಆ ರಾತ್ರಿ ಬರೆದದ್ದನ್ನೂ ಹಾಕಿ.

ಕಾಜೂಬಾಗ್ ಹುಡುಗ: ಅಣ್ಣಂದಿರೇ, ವಾಟ್ಕಿನ್ಸ್ ಬಗ್ಗೆ ಯಾರಾದರೂ ಹೇಳ್ತೀರಾ? ನಮ್ಮ ಅಡ್ಮಿನ್ ಕೂಡ ನನ್ನ ಚಿಕ್ಕಪ್ಪನ ಮಗ. ಅದೂ ತಪ್ಪಾ?

ಬೈತಖೋಲ್ ಬೋಟ್: ತಪ್ಪಲ್ಲ ತಮ್ಮಾ, ಬೇಕಾದರೆ ಕೋಡಿಬಾಗದವನನ್ನೇ ಅಡ್ಮಿನ್ ಮಾಡಿಕೋ. ಮೆಸೇಜ್ ಹುಡುಕ್ತಾ ಇದ್ದೇನೆ, ಹತ್ತು ನಿಮಿಷ ತಡೀರಿ.