ಮೊದಲ ಸಿಟ್ಟಿಂಗ್‌ಗೇ ನೋವು ಹೋಯ್ತು, ಮತ್ತೆ ಯಾಕೆ ಹೋಗಬೇಕು?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ ಕೆಳಗಿನ ಎಡಗಡೆ ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರುವಾಗಿದೆ. ಎಕ್ಸ್‌ರೇಯಲ್ಲಿ ಬೇರಿನ ತುದಿ ಹತ್ತಿರ ಕಪ್ಪಗೆ ಕಾಣ್ತಿದೆ ಅಂದ್ರು. ಮೊದಲ ಸಿಟ್ಟಿಂಗ್ ಆದ್ಮೇಲೆ ನೋವು ಪೂರ್ತಿ ಹೋಗಿದೆ. ಇನ್ನೂ ಎರಡು ಸಲ ಬರಬೇಕು, ಆಮೇಲೆ ಕ್ಯಾಪ್ ಅಂತಾರೆ. ‘ನೋವೇ ಇಲ್ಲ, ಇನ್ನೇನು ಹೋಗೋದು’ ಅಂತ ಅಮ್ಮನ ಹಟ. ಶುಗರ್‌ಗೆ ಮಾತ್ರೆ ತಗೊಳ್ತಾರೆ. ಮುಂದಿನ ಸಿಟ್ಟಿಂಗ್‌ಗಳಲ್ಲಿ ಏನು ಮಾಡ್ತಾರೆ, ಬಿಟ್ಟರೆ ಏನಾಗುತ್ತೆ?

ಉತ್ತರ (ರೂಟ್ ಕೆನಾಲ್ ತಜ್ಞರು): ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಹಲ್ಲನ್ನು ತೆರೆದಾಗ ಒಳಗೆ ಕಟ್ಟಿಕೊಂಡಿದ್ದ ಒತ್ತಡ ಇಳಿದು ನೋವು ನಿಂತಿದೆ, ಅಷ್ಟೇ. ಸೋಂಕು ಇನ್ನೂ ಇದೆ. ಒಳಗಿನ ನರ ಸತ್ತ ಹಲ್ಲು, ಸೋಂಕು ಇದ್ದರೂ ಎಷ್ಟೋ ಸಲ ನೋಯುವುದಿಲ್ಲ. ಹಾಗಾಗಿ ನೋವಿಲ್ಲ ಎಂದರೆ ವಾಸಿಯಾಗಿದೆ ಎಂದು ಅರ್ಥವಲ್ಲ.

ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಅವುಗಳಲ್ಲಿ ನರ ಇರುವ ಮೂರು ಕಾಲುವೆ. ಕೆಲವರಿಗೆ ನಾಲ್ಕು. ಮೊದಲ ದಿನ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹುಳುಕು ತೆಗೆದು, ಹಲ್ಲಿನ ಮೇಲ್ಭಾಗದಿಂದ ದಾರಿ ಮಾಡಿ ಈ ಕಾಲುವೆಗಳ ಬಾಯಿ ಹುಡುಕುತ್ತಾರೆ. ತುಟಿಯ ಅಂಚಿಗೆ ಒಂದು ಲೋಹದ ಕೊಕ್ಕೆ ಸಿಕ್ಕಿಸಿ, ಕಾಲುವೆಯೊಳಗೆ ಫೈಲ್ ಎಂಬ, ಉಜ್ಜುವ ತೆಳ್ಳಗಿನ ಲೋಹದ ಕಡ್ಡಿ ಇಳಿಸಿದಾಗ ಯಂತ್ರ ಬೀಪ್ ಎನ್ನುವುದು ಕೇಳಿಸಿರಬಹುದು. ಅದು ಅಪೆಕ್ಸ್ ಲೊಕೇಟರ್, ಬೇರಿನ ಉದ್ದ ಅಳೆಯುವ ಸಾಧನ. ತುದಿಗೆ ಅರ್ಧದಿಂದ ಒಂದು ಮಿಲಿಮೀಟರ್ ಮೊದಲೇ ಕೆಲಸ ನಿಲ್ಲಬೇಕು. ಅದನ್ನು ದಾಟಿದರೆ ಆಚೆಯ ಮೂಳೆಗೆ ಪೆಟ್ಟಾಗುತ್ತದೆ, ತೀರಾ ಹಿಂದೆಯೇ ನಿಂತರೆ ಕೊಳೆ ಉಳಿಯುತ್ತದೆ.

ಫೈಲ್ ಉಜ್ಜುವುದು ಅರ್ಧ ಕೆಲಸ ಮಾತ್ರ. ಕಾಲುವೆಯ ಅಡ್ಡ ಸಂದುಗಳಿಗೆ ಫೈಲ್ ಹೋಗುವುದಿಲ್ಲ. ಅಲ್ಲಿ ಕೊಳೆ ಕರಗಿಸುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಬಾಯಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಬಂದದ್ದು ಅದರದ್ದೇ. ಅದು ಗಂಟಲಿಗಿಳಿಯದಂತೆ, ಉಗುಳು ಹಲ್ಲಿನೊಳಗೆ ಸೇರದಂತೆ ರಬ್ಬರ್ ಡ್ಯಾಮ್ ಹಾಳೆ ಕಟ್ಟುತ್ತಾರೆ. ಕಟ್ಟದಿದ್ದರೆ ಸಂಕೋಚಪಡದೆ ಕೇಳಿ.

ಬೇರಿನ ತುದಿಯಲ್ಲಿ ಕಪ್ಪಗಿದೆ ಎಂದರೆ ಅಲ್ಲಿ ಸೋಂಕಿನಿಂದ ಮೂಳೆ ಕರಗಿದೆ. ಇಂಥ ಹಲ್ಲಿನೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧ ತುಂಬಿ ಒಂದೆರಡು ವಾರ ಬಿಡುತ್ತಾರೆ. ಅದರ ತೀವ್ರ ಕ್ಷಾರ ಗುಣಕ್ಕೆ ಉಳಿದ ಬ್ಯಾಕ್ಟೀರಿಯಾ ಸಾಯಲು ಇಷ್ಟು ಸಮಯ ಬೇಕು. ಎರಡನೇ ಸಲ ಅದನ್ನು ತೊಳೆದು ನೋಡುತ್ತಾರೆ. ಕೀವು ನಿಂತು, ಕಾಲುವೆ ಒಣಗಿ, ತಟ್ಟಿದಾಗ ಹಲ್ಲು ನೋಯದಿದ್ದರೆ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ಕಡ್ಡಿಗಳನ್ನು ಸೀಲರ್ ಎಂಬ ಅಂಟಿನ ಜೊತೆ, ಮೊದಲೇ ಅಳೆದ ಉದ್ದದವರೆಗೂ ತುಂಬುತ್ತಾರೆ. ಒಳಗೆ ಇನ್ನೂ ಒದ್ದೆಯಿದ್ದರೆ ಔಷಧ ಬದಲಿಸಿ ಮತ್ತೊಮ್ಮೆ ಕರೆಯುತ್ತಾರೆ. ಒದ್ದೆ ಇರುವಾಗಲೇ ತುಂಬಿಸಿಕೊಳ್ಳುವುದಕ್ಕಿಂತ ಒಂದು ಸಲ ಹೆಚ್ಚಿಗೆ ಹೋಗಿಬರುವುದು ಎಷ್ಟೋ ವಾಸಿ.

ಈಗ ಮೇಲೆ ಇರುವುದು ತಾತ್ಕಾಲಿಕ ಸಿಮೆಂಟ್. ಮೂರೂವರೆ, ನಾಲ್ಕು ಮಿಲಿಮೀಟರ್ ದಪ್ಪ ಇದ್ದರೂ ಕೆಲವು ವಾರಗಳಷ್ಟೇ ಅದರ ಆಯಸ್ಸು. ಸವೆದರೆ ಉಗುಳಿನೊಂದಿಗೆ ಬ್ಯಾಕ್ಟೀರಿಯಾ ಮತ್ತೆ ಒಳಗಿಳಿದು ಮೊದಲ ದಿನದ ಕೆಲಸವೆಲ್ಲ ನೀರಿನಲ್ಲಿ ಹೋಮ. ಬಿದ್ದುಹೋದರೆ ಮುಂದಿನ ತಾರೀಕಿಗೆ ಕಾಯದೆ ಒಂದೆರಡು ದಿನದೊಳಗೆ ಹಾಕಿಸಿಕೊಳ್ಳಿ.

ಶುಗರ್ ಇರುವವರು ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ತಿಂಡಿ ತಿಂದು, ಮಾತ್ರೆ ತಗೊಂಡು, ಆದಷ್ಟು ಬೆಳಗಿನ ಹೊತ್ತಿಗೇ ಹೋಗಲಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಾವಾಗಿಯೇ ನಿಲ್ಲಿಸುವುದು ಬೇಡ, ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರಿಗೆ ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸಿದ್ರಲ್ಲ ಸರ್?

ಉತ್ತರ: ನರ ಇನ್ನೂ ಜೀವಂತ ಇದ್ದು, ಕೀವು ಊತ ಇಲ್ಲದಿದ್ದರೆ ಒಂದೇ ದಿನ ಮುಗಿಸುವುದು ಸರಿಯೇ. ಹಲ್ಲಿನ ಸ್ಥಿತಿ ನೋಡಿ ನಿರ್ಧರಿಸುವ ವಿಷಯ ಇದು.

ಪ್ರಶ್ನೆ: ಡಾಕ್ಟ್ರೇ, ನನಗೆ ನಿನ್ನೆ ಮೊದಲ ಸಿಟ್ಟಿಂಗ್ ಆಯ್ತು. ಇವತ್ತು ಕಚ್ಚಿದರೆ ನೋವು. ಆಂಟಿಬಯಾಟಿಕ್ ತಗೊಳ್ಳಲಾ?

ಉತ್ತರ (ಇನ್ನೊಬ್ಬ ದಂತವೈದ್ಯೆ): ಬೇಡಮ್ಮ. ಎರಡು ಮೂರು ದಿನ ಕಚ್ಚಿದಾಗ ನೋಯುವುದು ಸಹಜ, ದಿನದಿನಕ್ಕೆ ಇಳಿಯಬೇಕು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ, ಅಲರ್ಜಿ ಇಲ್ಲದಿದ್ದರೆ, ಗರ್ಭಿಣಿಯಲ್ಲದಿದ್ದರೆ, ಊಟದ ನಂತರ ಐಬುಪ್ರೊಫೇನ್ 400 ಮಿಲಿಗ್ರಾಂ ಸಾಕಾಗುತ್ತದೆ. ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಸತ್ತ ನರಕ್ಕೆ ರಕ್ತ ಹರಿಯುವುದಿಲ್ಲ, ಆದ್ದರಿಂದ ಆಂಟಿಬಯಾಟಿಕ್ ಹಲ್ಲಿನೊಳಕ್ಕೆ ತಲುಪುವುದೇ ಇಲ್ಲ. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ ಫಿಲ್ಲಿಂಗ್ ಎತ್ತರವಾಗಿದೆ. ಹೋಗಿ ಸ್ವಲ್ಪ ಉಜ್ಜಿಸಿಕೊಂಡರೆ ಆರಾಮಾಗುತ್ತೀರಿ. ಆದರೆ ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಊತ ಕುತ್ತಿಗೆಗೆ ಇಳಿದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಫೈಲ್ ಒಳಗೇ ಮುರಿದಿದೆ ಅಂದ್ರು. ಹಲ್ಲು ಕೀಳಿಸಬೇಕಾ?

ಉತ್ತರ: ಅಷ್ಟಕ್ಕೇ ಕೀಳಿಸಬೇಡಿ. ಡೊಂಕು ಕಾಲುವೆಯಲ್ಲಿ ತಿರುಗಿ ತಿರುಗಿ ದಣಿದ ಲೋಹ ಮುರಿಯುತ್ತದೆ. ಮುಖ್ಯ ಪ್ರಶ್ನೆ, ಯಾವ ಹಂತದಲ್ಲಿ ಮುರಿಯಿತು? ಕಾಲುವೆ ಸ್ವಚ್ಛವಾದ ಮೇಲೆ ತುದಿಯ ಹತ್ತಿರ ಮುರಿದಿದ್ದರೆ ಬಹಳಷ್ಟು ಸಲ ಅಲ್ಲೇ ಬಿಟ್ಟು ತುಂಬಬಹುದು. ಶುರುವಿನಲ್ಲೇ ಮುರಿದು ಕೆಳಗೆ ಸೋಂಕು ಉಳಿದಿದ್ದರೆ ಮೈಕ್ರೋಸ್ಕೋಪ್ ಇರುವ ತಜ್ಞರು ಅದನ್ನು ತೆಗೆಯಲು ಇಲ್ಲವೇ ಪಕ್ಕದಿಂದ ದಾರಿ ಮಾಡಲು ಪ್ರಯತ್ನಿಸುತ್ತಾರೆ. ನಿಮ್ಮಿಂದ ಮುಚ್ಚಿಡದೆ ಹೇಳಿದ್ದಾರಲ್ಲ, ಅದು ಒಳ್ಳೆಯದು. ಎಕ್ಸ್‌ರೇಯ ಒಂದು ಪ್ರತಿ ಇಸಿದುಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಕ್ಯಾಪ್ ಬಿಟ್ಟುಬಿಡಬಹುದಾ? ಖರ್ಚು ಜಾಸ್ತಿ ಆಗ್ತಿದೆ.

ಉತ್ತರ: ಮುಂದಿನ ಹಲ್ಲಾಗಿದ್ದರೆ, ಹೆಚ್ಚು ಸವೆದಿರದಿದ್ದರೆ, ಫಿಲ್ಲಿಂಗ್ ಸಾಕು ಎನ್ನುತ್ತಿದ್ದೆ. ದವಡೆ ಹಲ್ಲಿಗೆ ಹಾಗಾಗದು. ಹುಳುಕಿಗೆ ಒಂದಷ್ಟು, ದಾರಿ ಮಾಡಲು ಒಂದಷ್ಟು ಹೋಗಿ ಗೋಡೆ ತೆಳುವಾಗಿರುತ್ತದೆ. ಒಂದು ಚಕ್ಕುಲಿ ಕಡಿದಾಗ ಒಸಡಿನ ಕೆಳಗಿನವರೆಗೆ ಸೀಳಿದರೆ ಕೀಳುವುದೊಂದೇ ದಾರಿ. ಕಾಲುವೆ ತುಂಬಿದ ಮೇಲೆ ಗಟ್ಟಿ ಫಿಲ್ಲಿಂಗ್ ಹಾಕಿಸಿ, ಕೆಲವೇ ವಾರಗಳಲ್ಲಿ ಕ್ಯಾಪ್ ಕೂರಿಸಿಕೊಳ್ಳಲಿ. ಹಲ್ಲಿನ ಬಣ್ಣದ ಜಿರ್ಕೋನಿಯಾ ಕ್ಯಾಪೇ ಆಗಬೇಕೆಂದಿಲ್ಲ, ಒಳಬದಿಯ ಹಲ್ಲಿಗೆ ಲೋಹದ ಕ್ಯಾಪ್ ಕಡಿಮೆ ಖರ್ಚಿನದು, ಬಾಳಿಕೆಯದೂ ಹೌದು. ಹಲ್ಲನ್ನು ಉಜ್ಜುವುದೂ ಕಡಿಮೆ. ಆರು ತಿಂಗಳಿಗೆ, ಮತ್ತೆ ವರ್ಷಕ್ಕೆ ಒಂದೊಂದು ಎಕ್ಸ್‌ರೇ ತೆಗೆಸಿ. ಕಪ್ಪು ಕಲೆ ಕಿರಿದಾಗುತ್ತಾ ಬಂದರೆ ಮೂಳೆ ತುಂಬಿಕೊಳ್ಳುತ್ತಿದೆ ಎಂದರ್ಥ. ಪೂರ್ತಿ ಹೋಗಲು ಕೆಲವರಿಗೆ 4 ವರ್ಷವೂ ಹಿಡಿಯುತ್ತದೆ.